ಪದಚರ್ಚೆ: ಸೀಸದಿಂದ ಬೆಳ್ಳಿ ತೆಗೆಯುವುದಕ್ಕೆ ‘ಪುಟ’ ಎನ್ನಬಹುದೇ?

ಪ್ರಶ್ನೆ:

ರಾಜಸ್ಥಾನದ ಜಾವರ್ ಗಣಿಗಳ ಕುರಿತ ಬರಹವೊಂದನ್ನು ಕನ್ನಡಿಸುವಾಗ ಕೆಲವು ಪದಗಳು ತೊಡಕಾಗಿವೆ. ಅದಿರಿನಿಂದ ಸೀಸ ಇಳಿಸಿದ ಮೇಲೆ ಆ ಸೀಸವನ್ನು ಗಾಳಿಯೂದಿ ಸುಟ್ಟು, ಅದರೊಳಗಿನ ಬೆಳ್ಳಿಯನ್ನಷ್ಟೇ ಉಳಿಸಿಕೊಳ್ಳುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ಕ್ಯುಪೆಲೇಶನ್ ಎಂಬ ಹೆಸರಿದೆ. ಕನ್ನಡದಲ್ಲಿ ‘ಪುಟವಿಡುವುದು’ ಎಂದರೆ ಸಾಕೆ? ‘ಪುಟಕ್ಕಿಟ್ಟ ಚಿನ್ನ’ ಹೇಗೂ ಎಲ್ಲರಿಗೂ ಗೊತ್ತಿರುವ ಮಾತು. ಇನ್ನೊಂದು ಗೊಂದಲ: ಹತ್ತೊಂಬತ್ತನೆಯ ಶತಮಾನದ ಆಕರದಲ್ಲಿ ಇದು ‘ತವರ ಮತ್ತು ಬೆಳ್ಳಿ’ಯ ಗಣಿ, ಈಚಿನವರ ಬರಹಗಳಲ್ಲಿ ‘ಸೀಸ ಮತ್ತು ಸತು’ವಿನ ಗಣಿ. ಯಾವುದನ್ನು ಇಟ್ಟುಕೊಳ್ಳಬೇಕು? ಬಂಡೆಯೊಳಗಿನ ಅದಿರಿಗೆ ‘ಸಿರೆ’ ಎಂದು ಬರೆದಿರುವುದು ಸರಿಯೇ?

ಉತ್ತರ:

‘ಪುಟ’ ಬೇಡ. ಮುಚ್ಚುವುದು, ಮಡಿಸುವುದು ಆ ಪದದ ಹೊಟ್ಟೆಯಲ್ಲೇ ಇದೆ. ಸಂಪುಟ, ಕರಸಂಪುಟಗಳನ್ನು ನೆನೆಯಿರಿ. ಆಯುರ್ವೇದ ವೈದ್ಯರ ಪುಟದಲ್ಲಿ ಎರಡು ಮಣ್ಣಿನ ತಟ್ಟೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಸಂದಿಗೆ ಮಣ್ಣುಬಟ್ಟೆ ಸುತ್ತಿ, ಬೆರಣಿಗಳ ನಡುವೆ ಹೂತು ಸುಡುತ್ತಾರೆ. ಚಿನ್ನದ ಹಳೆಯ ಪುಟವೂ ಹಾಗೆಯೇ. ತೆಳುವಾಗಿ ಬಡಿದ ಚಿನ್ನದ ತಗಡುಗಳನ್ನು ಉಪ್ಪು, ಇಟ್ಟಿಗೆಪುಡಿಗಳ ನಡುವೆ ಪದರ ಪದರವಾಗಿ ಇಟ್ಟು ಮುಚ್ಚಿ, ಚಿನ್ನ ಕರಗದಷ್ಟು ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಚಿನ್ನದಲ್ಲಿದ್ದ ಬೆಳ್ಳಿ ಕ್ಲೋರೈಡಾಗಿ ಇಟ್ಟಿಗೆಪುಡಿಗೆ ಇಳಿಯುತ್ತದೆ. ಅಂದರೆ ಆ ಪುಟದಲ್ಲಿ ಹೊರಬೀಳುವ ಕಶ್ಮಲವೇ ಬೆಳ್ಳಿ! ನಿಮ್ಮ ಲೇಖನದಲ್ಲಿ ಉಳಿಯಬೇಕಾದದ್ದೇ ಬೆಳ್ಳಿ.

ಕ್ಯುಪೆಲೇಶನ್ ಬಾಯಿ ತೆರೆದ ಕೆಲಸ, ಗಾಳಿಯೇ ಅದರ ಪ್ರಾಣ. ಮೂಳೆಬೂದಿಯ ಆಳವಿಲ್ಲದ ಬಟ್ಟಲಿನಲ್ಲಿ ಬೆಳ್ಳಿ ಬೆರೆತ ಸೀಸವನ್ನಿಟ್ಟು ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮೇಲಿನಿಂದ ಗಾಳಿ ಊದುತ್ತಾರೆ. ಸೀಸ ಆಕ್ಸೈಡಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಕರಗಿದ ಸೀಸದ ಆಕ್ಸೈಡನ್ನು ಬೂದಿ ಹೀರಿಕೊಳ್ಳುತ್ತದೆ, ಕರಗಿದ ಲೋಹ ಮಾತ್ರ ಬೂದಿಗೆ ಇಳಿಯದೆ ಮೇಲೆ ಗುಂಡಗೆ ನಿಲ್ಲುತ್ತದೆ. ಬಟ್ಟಲು ಹೆಚ್ಚುಕಡಿಮೆ ತನ್ನ ತೂಕದಷ್ಟೇ ಹೀರಬಲ್ಲದು. ಆದ್ದರಿಂದ ಬಟ್ಟಲಿನ ತೂಕ ಸೀಸದ ತೂಕಕ್ಕಿಂತ ಕಡಿಮೆ ಇರಬಾರದು.

ಕೆಡುವುದು ಎಲ್ಲಿ ಎಂದರೆ, ಬಟ್ಟಲಿನಲ್ಲಿ ತೇವವಿದ್ದರೆ ಆವಿ ಎದ್ದು ಲೋಹ ಚಿಮ್ಮುತ್ತದೆ. ಸೀಸದ ಆಕ್ಸೈಡ್ ಕರಗುವುದು 888 ಡಿಗ್ರಿಯಲ್ಲಿ. ಕಾವು ತಗ್ಗಿದರೆ ಅದು ಹೆಪ್ಪುಗಟ್ಟಿ ಸೀಸದ ಮೇಲೆ ಮುಚ್ಚಳ ಕೂರುತ್ತದೆ, ಕೆಲಸ ನಿಲ್ಲುತ್ತದೆ. ಕಾವು ಏರಿದರೆ ಬೆಳ್ಳಿಯೂ ಸ್ವಲ್ಪ ಆವಿಯಾಗಿ, ಸ್ವಲ್ಪ ಬೂದಿಗೆ ಹೊಕ್ಕು ನಷ್ಟವಾಗುತ್ತದೆ. ತಾಮ್ರ ಬೆರೆತಿದ್ದರೆ ಇನ್ನಷ್ಟು ಸೀಸ ಸೇರಿಸಲೇಬೇಕು, ತಾಮ್ರದ ಆಕ್ಸೈಡ್ ಬೂದಿಗೆ ಇಳಿಯುವುದು ಸೀಸದ ಆಕ್ಸೈಡಿನ ಬೆನ್ನೇರಿ.

ಹಾಗಾಗಿ ಪಾತ್ರೆಗೆ ‘ಬೂದಿಬಟ್ಟಲು’, ಕೆಲಸಕ್ಕೆ ‘ಬೂದಿಬಟ್ಟಲಲ್ಲಿ ಊದುವುದು’ ಎನ್ನಿ. ‘ಮೂಸೆ’ ಎಂದರೆ ಮತ್ತೆ ತಪ್ಪು, ಲೋಹ ಕರಗಿಸುವ ಪಾತ್ರೆಯಾದ ಮೂಸೆ ಏನನ್ನೂ ಹೀರಬಾರದು. ಟನ್ನುಗಟ್ಟಲೆ ಸೀಸ ಸುಡುವಾಗ ಬಟ್ಟಲು ಸಾಲುವುದಿಲ್ಲ. 1,000 ಕಿಲೋ ಸೀಸ ಸುಟ್ಟರೆ ಸುಮಾರು 1,077 ಕಿಲೋ ಆಕ್ಸೈಡ್ ಹುಟ್ಟುತ್ತದೆ. ಅಲ್ಲಿ ಬೂದಿ ಮೆತ್ತಿದ ದೊಡ್ಡ ಒಲೆ ಇರುತ್ತದೆ, ಆಕ್ಸೈಡಿನ ಹೆಚ್ಚಿನ ಪಾಲನ್ನು ಅಂಚಿನ ಕಚ್ಚಿನಿಂದ ಹೊರಗೆ ಹರಿಸುತ್ತಾರೆ. ಅದನ್ನು ‘ಬೂದಿಯೊಲೆ’ ಎನ್ನಬಹುದು.

ಇನ್ನು ತವರ. ಮೇವಾಡದ ರಾಣಾ ಲಾಖಾನ ಆಳ್ವಿಕೆಯಲ್ಲಿ ತವರ ಮತ್ತು ಬೆಳ್ಳಿಯ ಗಣಿಗಳು ಸಿಕ್ಕವೆಂದು ಬರೆದವನು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಟಾಡ್. ಅಲ್ಲಿನ ಬಂಡೆ ಅದನ್ನು ಒಪ್ಪುವುದಿಲ್ಲ. ತವರದ ಅದಿರು ಸಾಮಾನ್ಯವಾಗಿ ಗ್ರಾನೈಟಿನ ನೆಂಟ. ಜಾವರಿನ ಅದಿರು ಅರಾವಳಿ ಶಿಲಾಸಮೂಹದ ಡಾಲೊಮೈಟಿನಲ್ಲಿದೆ, ಅದು ಸುಣ್ಣಕಲ್ಲಿನ ಜಾತಿಯ ಬಂಡೆ. ಗೆಲೀನಾ (ಸೀಸದ ಅದಿರು), ಸ್ಫಾಲರೈಟ್ (ಸತುವಿನ ಅದಿರು), ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಅಲ್ಲಿಯ ಮುಖ್ಯ ಖನಿಜಗಳು. ಟಾಡ್ ಹೇಳಿದ ತವರ ನಿಜಕ್ಕೂ ಸತು. ಸತು 907 ಡಿಗ್ರಿಯಲ್ಲೇ ಆವಿಯಾಗುತ್ತದೆ, ಅದಿರಿನಿಂದ ಅದನ್ನು ಬಿಡಿಸಲು ಅದಕ್ಕಿಂತ ಹೆಚ್ಚು ಕಾವು ಬೇಕು. ತೆರೆದ ಕುಲುಮೆಯಲ್ಲಿ ಅದು ಹೊಗೆಯಾಗಿ ಹೋಗಿಬಿಡುತ್ತದೆ. ಜಾವರಿನವರು ಬದನೆಕಾಯಿ ಆಕಾರದ ಮುಚ್ಚಿದ ಮಣ್ಣುಮೂಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಒಂದು ಕುಲುಮೆಗೆ 36ರಂತೆ ಜೋಡಿಸಿ, ಆವಿಯನ್ನು ಕೆಳಗೆ ಇಳಿಸಿ ತಣಿಸಿದರು. ಬಳಸಿ ಬಿಸಾಡಿದ ಮೂಸೆಗಳಿಂದ ಕಟ್ಟಿದ ಗೋಡೆಗಳು ಅಲ್ಲಿ ಇಂದಿಗೂ ಇವೆ. ಆಕರದ ಮಾತನ್ನು ‘ತವರ’ ಎಂದೇ ಉಳಿಸಿ, ಪಕ್ಕದಲ್ಲೇ ‘ಅಂದರೆ ಸತು’ ಎಂದು ಬರೆಯಿರಿ. ‘ತವರಿನ ಗಣಿ’ ಎಂದು ಮಾತ್ರ ಅಚ್ಚಾಗದಿರಲಿ, ಓದುಗರು ಅಮ್ಮನ ಮನೆಗೆ ಹೋಗಿಬಿಟ್ಟಾರು.

ಈ ಲೋಹಗಳ ಹೆಸರುಗಳ ಕಲಸುಮೇಲೋಗರ ಹಳೆಯದು. ಸಂಸ್ಕೃತದಲ್ಲಿ ಬರಿಯ ‘ನಾಗ’ ಎಂದರೆ ಸೀಸ, ತಮಿಳಿನಲ್ಲಿ ‘ತುತ್ತನಾಗಂ’ ಎಂದರೆ ಸತು. ನಮ್ಮ ‘ಸೀಸ’ವೂ ಸುಮ್ಮನಿಲ್ಲ: ‘ಸೀಸೆ’ ಬಾಟಲಿ, ‘ಸೀಸದ ಕಡ್ಡಿ’ಯಲ್ಲಿರುವುದು ಗ್ರಾಫೈಟ್.

ಸಿರೆಯ ಮಾತು. ಬಿರುಕಿನೊಳಗೆ ತುಂಬಿಕೊಂಡ ಅದಿರಿಗೆ ‘ಸಿರೆ’ ಚೆನ್ನಾಗಿ ಹೊಂದುತ್ತದೆ. ಜಾವರಿನಲ್ಲಿ ಅದಿರು ಡಾಲೊಮೈಟಿನ ಪದರವನ್ನೇ ಹಿಡಿದುಕೊಂಡು ಸಾಗುತ್ತದೆ, ಅದರೊಳಗೆ ಸಣ್ಣ ಎಳೆಗಳೂ ಹರಡಿದ ಕಣಗಳೂ ಇವೆ. ಒಟ್ಟಾರೆಯಾಗಿ ‘ಅದಿರುಪಟ್ಟೆ’ ಎಂದು, ಎಳೆಗಳಿಗಷ್ಟೇ ‘ಸಿರೆ’ ಎಂದು ಬರೆದರೆ ಭೂವಿಜ್ಞಾನಿಗಳು ಹುಬ್ಬೇರಿಸುವುದಿಲ್ಲ. ‘ಗಣಿ’ ಸಂಸ್ಕೃತದ ‘ಖನಿ’ಯಿಂದ ಬಂದದ್ದಾದರೂ ‘ಅದಿರು’ ದ್ರಾವಿಡ ಪದವೇ. ಹಳೆಯ ರೂಪ ‘ಅದುರು’, ಮಲಯಾಳದಲ್ಲಿ ‘ಅಯಿರ್’.

ಇನ್ನೊಂದು ಉತ್ತರ:

‘ಬೂದಿಬಟ್ಟಲು’ ಒಪ್ಪಿಗೆ. ‘ಪುಟ’ದ ಬದಲು ‘ಶೋಧನೆ’ ಹಾಕುವ ಆಸೆ ಅನುವಾದಕರಿಗೆ ಬರಬಹುದು, ಏಕೆಂದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೆಟ್ಟ ಬೆಳ್ಳಿಯನ್ನು ಕಾಲುಭಾಗ ಸೀಸ ಸೇರಿಸಿ ‘ಶೋಧಿಸಬೇಕು’ ಎಂದೇ ಇದೆ. ಆದರೆ ಇಂದಿನ ಕನ್ನಡದಲ್ಲಿ ‘ಬೆಳ್ಳಿಯ ಶೋಧ’ ಎಂದರೆ ಪೊಲೀಸರು ಬೀರು ತಡಕಿದಂತೆ ಕೇಳುತ್ತದೆ.

ಬೂದಿಯೊಲೆಯಿಂದ ಹರಿದು ಹೊರಬರುವ ಸೀಸದ ಆಕ್ಸೈಡಿಗೆ ‘ಕಿಟ್ಟ’ ಎಂದು ಬರೆಯಬೇಡಿ. ಕಿಟ್ಟ ಹುಟ್ಟುವುದು ಅದಿರು ಕರಗಿಸುವ ಮೊದಲ ಹಂತದಲ್ಲಿ, ಬಂಡೆಯ ಸಿಲಿಕೇಟುಗಳಿಂದ. ಅದನ್ನು ಎಸೆಯುತ್ತಾರೆ. ಈ ಆಕ್ಸೈಡನ್ನು ಇದ್ದಿಲಿನೊಡನೆ ಕಾಯಿಸಿದರೆ ಸೀಸ ಮರಳಿ ಸಿಗುತ್ತದೆ, ಅದಕ್ಕೆ ಬೆಲೆಯಿದೆ. ಆಯುರ್ವೇದದವರ ‘ಮೃದ್ದಾರಶೃಂಗ’ ಇದೇ ವಸ್ತು. ಉದ್ದವೆನಿಸಿದರೆ ಇಂಗ್ಲಿಷಿನ ‘ಲಿಥಾರ್ಜ್’ ಸಾಕು.

ಒಂದು ಪದ ಮಾತ್ರ ಹಳೆಯ ಕಡತದಿಂದ ಎತ್ತಿಕೊಳ್ಳಲು ಯೋಗ್ಯವಾಗಿದೆ. ಕರಗಿದ ಬೆಳ್ಳಿ ತನ್ನ ಗಾತ್ರದ ಸುಮಾರು 20 ಪಟ್ಟು ಆಮ್ಲಜನಕವನ್ನು ಹೀರಿಕೊಂಡಿರುತ್ತದೆ. ಗಟ್ಟಿಯಾಗುವಾಗ ಅದು ಒಮ್ಮೆಲೇ ಹೊರನುಗ್ಗಿ ಬೆಳ್ಳಿಯ ಉಂಡೆಯ ಮೇಲೆ ಮೊಳಕೆಯಂಥ ಕೊಂಬುಗಳನ್ನು ಎಬ್ಬಿಸುತ್ತದೆ. ಸೀಸವೋ ತಾಮ್ರವೋ ಉಳಿದಿದ್ದರೆ ಇವು ಏಳುವುದಿಲ್ಲ. ಅರ್ಥಶಾಸ್ತ್ರ ಶುದ್ಧ ಬೆಳ್ಳಿಗೆ ಕೊಡುವ ಗುರುತುಗಳಲ್ಲಿ ಮೊಸರಿನ ಬಣ್ಣ, ಹೊಳಪುಗಳ ಜೊತೆಗೆ ‘ಚೂಲಿಕೆ ಎದ್ದಿರುವುದು’ ಎಂಬುದೂ ಸೇರಿದೆ. ಜುಟ್ಟು, ಶಿಖೆ ಎಂಬ ಅರ್ಥದ ಪದವದು, ಕನ್ನಡದಲ್ಲಿ ‘ಚೂಳಿಕೆ’. ಲೇಖನದಲ್ಲಿ ಈ ಹಂತ ಬಂದರೆ ‘ಬೆಳ್ಳಿ ಚೂಳಿಕೆ ಬಿಟ್ಟಿತು’ ಎಂದು ಬರೆಯಬಹುದು. ತೂಕ ಹಾಕುವ ಬೆಳ್ಳಿ ಮಾತ್ರ ಚೂಳಿಕೆ ಬಿಡದಂತೆ ನಿಧಾನವಾಗಿ ತಣಿಯಬೇಕು, ಚಿಮ್ಮಿ ಹೋದ ಹನಿ ತಕ್ಕಡಿಗೆ ಬರುವುದಿಲ್ಲ.