ಪಾಯಿಂಟ್ 223 ರೈಫಲ್‌ಗೆ ಮೊದಲ ಡಬ್ಬಿ ಕೋವಿಮದ್ದು ಯಾವುದು? ತೋಟಾ ಮನೆಯಲ್ಲೇ ತುಂಬುವವರು ಅನುಭವ ಹೇಳಿ

ಓಹಾಯೋ ಹೊಸಬ:
ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ಗ್ರೀನ್ ಕಾರ್ಡ್ ಬಂತು, ಮೇ ತಿಂಗಳಲ್ಲಿ .223 ಬೋಲ್ಟ್ ರೈಫಲ್ ಕೊಂಡೆ. ನಳಿಗೆ ಎಂಟು ಇಂಚಿಗೆ ಒಂದು ಸುತ್ತಿನದು. 69 ಗ್ರೇನ್ (ತೂಕದ ಅಳತೆ) ಗುಂಡು, 200 ಗಜದಲ್ಲಿ ಕಾಗದದ ಗುರಿ, ಅಷ್ಟೇ ನನ್ನ ಆಸೆ. ಅಂಗಡಿಯಲ್ಲಿ ವಾರ್ಗೆಟ್, ಸಿಎಫ್‌ಇ 223, ಎಚ್335 ಅನ್ನುವ ಮೂರೂ ಮದ್ದು ಇದ್ದವು. ಮೊದಲು ಯಾವುದು ತರಲಿ? ತೋಟಾಕ್ಕೆ ಮದ್ದಿನ ತೂಕ ಎಷ್ಟು ಅಂತ ಕೇಳ್ತಿಲ್ಲ, ಅದನ್ನು ತೋಟಾ ತುಂಬುವ ಲೆಕ್ಕದ ಪುಸ್ತಕದಿಂದಲೇ ತೆಗೆದುಕೊಳ್ಳುತ್ತೇನೆ.

ಫೀನಿಕ್ಸ್ ನಿವಾಸಿ:
ವಾರ್ಗೆಟ್. ಬೇರೆ ಮಾತೇ ಬೇಡ.

2019ರ ಜನವರಿಯಲ್ಲಿ ನಾನು ಒಂದು ಬಾಲ್ ಪೌಡರ್‌ನಲ್ಲಿ (ಗುಂಡು ಕಾಳಿನ ಮದ್ದು) ಲೋಡ್ ಕೂರಿಸಿದೆ, ಅಂದರೆ ತೋಟಾಕ್ಕೆ ಎಷ್ಟು ಮದ್ದು ಅಂತ ಹೊಡೆದು ನೋಡಿ ನಿಗದಿ ಮಾಡಿದೆ. ಹೆಸರು ಹೇಳಲ್ಲ, ಅದು ಮದ್ದಿನ ತಪ್ಪಲ್ಲ, ನನ್ನದು. ಬೆಳಗ್ಗೆ ಏಳು ಗಂಟೆ, 5 ಡಿಗ್ರಿ ಚಳಿ. ಪುಸ್ತಕದ ಮೇಲಿನ ಮಿತಿಗೆ ಕೂದಲೆಳೆ ಕೆಳಗೆ ನಿಲ್ಲಿಸಿದೆ. 100 ಗಜದಲ್ಲಿ ಐದು ತೂತೂ ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುತ್ತಿದ್ದವು. ಖುಷಿಯಲ್ಲಿ 400 ತುಂಬಿಟ್ಟೆ.

ಜುಲೈನಲ್ಲಿ ಅದೇ ತೋಟಾ ತೆಗೆದುಕೊಂಡು ಹೋದೆ. ಹೊರಗೆ 44 ಡಿಗ್ರಿ, ಡಬ್ಬಿ ಇದ್ದದ್ದು ಕಾರಿನ ಡಿಕ್ಕಿಯಲ್ಲಿ. ಬಿಸಿಗೆ ಒತ್ತಡ ಏರಿ ಮೂರನೇ ಈಡಿಗೆ ಬೋಲ್ಟ್ ಮೇಲೇಳಲೇ ಇಲ್ಲ. ಎರಡೂ ಕೈ ಹಾಕಿ ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ರಿಪೇರಿಯವರ ಹತ್ತಿರ ಬಿಡಿಸಿಕೊಂಡು ಬಂದೆ. ಆ ಖಾಲಿ ತೋಟಾ ಇವತ್ತೂ ನನ್ನ ಮೇಜಿನ ಮೇಲಿದೆ. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಕೇಪು) ಚಪ್ಪಟೆಯಾಗಿ ತನ್ನ ಗುಂಡಿಯ ಅಂಚಿನ ತನಕ ಹರಡಿದೆ. ಹಿತ್ತಾಳೆ ತಳದಲ್ಲಿ ಉಗುರು ಒತ್ತಿದ ಹಾಗೆ ಒಂದು ಹೊಳೆಯುವ ಗುರುತು.

ಖರ್ಚು ಕೇಳಿ. ರಿಪೇರಿಗೆ 85 ಡಾಲರ್. ಗುಂಡು ಕೀಳುವ ಪುಲ್ಲರ್‌ಗೆ ಹತ್ತಿರ ಹತ್ತಿರ 40. ಉಳಿದ 397 ತೋಟಾ ಒಂದೊಂದಾಗಿ ಬಿಚ್ಚಿದೆ, ಮೂರು ಭಾನುವಾರ ಪೂರ್ತಿ. ಹೆಬ್ಬೆರಳು ಊದಿ ಸೋಮವಾರ ಆಫೀಸಿನಲ್ಲಿ ಮೌಸ್ ಹಿಡಿಯಲು ಆಗುತ್ತಿರಲಿಲ್ಲ. ಆಮೇಲೆ ವಾರ್ಗೆಟ್ ತಂದೆ. ಆಸ್ಟ್ರೇಲಿಯಾದಲ್ಲಿ ತಯಾರಾಗುವ ಮದ್ದು ಅದು. ಜನವರಿಗೂ ಜುಲೈಗೂ ನನ್ನ ರೈಫಲ್‌ನಲ್ಲಿ ಸೆಕೆಂಡಿಗೆ 15 ಅಡಿಗಿಂತ ಜಾಸ್ತಿ ವ್ಯತ್ಯಾಸ ಬಂದಿಲ್ಲ. ಆ ಬಾಲ್ ಪೌಡರ್‌ನಲ್ಲಿ 100 ದಾಟಿತ್ತು.

ಡಲ್ಲಾಸ್ ಪ್ರೊಗ್ರೆಸಿವ್:
ಫೀನಿಕ್ಸ್ ಸರ್, ಚಳಿಯಲ್ಲಿ ಮಿತಿಗೆ ತಾಗಿಸಿ ಕೂರಿಸಿದರೆ ಬೇಸಿಗೆಯಲ್ಲಿ ಮತ್ತೇನಾಗಬೇಕು? ನಾನು ಆಗಸ್ಟ್ ಮಧ್ಯಾಹ್ನ ಲೋಡ್ ಕೂರಿಸುತ್ತೇನೆ. ಬಿಸಿಲಲ್ಲಿ ಸರಿ ಇದ್ದದ್ದು ಚಳಿಯಲ್ಲಿ ಯಾರನ್ನೂ ಕಚ್ಚುವುದಿಲ್ಲ. ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ತೋಟಾ ಡಬ್ಬಿ ಯಾವತ್ತೂ ಐಸ್ ಪೆಟ್ಟಿಗೆಯಲ್ಲಿ, ಐಸ್ ಹಾಕದೆ. ಡಿಕ್ಕಿಯಲ್ಲಿ ಬೇಯಿಸಲ್ಲ.

ವಾರ್ಗೆಟ್ ಕಡ್ಡಿ ಮದ್ದು. ಶಾವಿಗೆ ಚೂರಿನ ಹಾಗೆ. ಅಳತೆ ಯಂತ್ರದ ಹಿಡಿ ತಿರುಗಿಸಿದರೆ ಕಾಳು ಸಿಕ್ಕಿಕೊಂಡು ಕಟ್ ಕಟ್ ಅಂತ ಕತ್ತರಿಸುವುದು ಕೈಗೇ ಗೊತ್ತಾಗುತ್ತದೆ. ಒಂದರಲ್ಲಿ ಕಡಿಮೆ, ಮುಂದಿನದರಲ್ಲಿ ಜಾಸ್ತಿ. ಹಾಗಾಗಿ ಒಂದೊಂದನ್ನೂ ತಕ್ಕಡಿಯಲ್ಲಿ ತೂಗಬೇಕು. ನಾನು ತಿಂಗಳಿಗೆ 600 ಸುಡುತ್ತೇನೆ. ಒಂದಕ್ಕೆ 40 ಸೆಕೆಂಡ್ ಅಂದರೂ ತೂಗುವುದಕ್ಕೇ ಆರು ಗಂಟೆ ನಲವತ್ತು ನಿಮಿಷ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಆ ಹೊತ್ತು ಎಲ್ಲಿಂದ ತರಲಿ? ಬಾಲ್ ಪೌಡರ್ ಗಸಗಸೆ ಇದ್ದ ಹಾಗೆ, ನೀರಿನಂತೆ ಇಳಿಯುತ್ತದೆ. ಎಚ್335 ಯಾವುದೋ ಪುಡಿ ಅಂದುಕೊಳ್ಳಬೇಡಿ. ಅದರ ಮೂಲ ಅಮೆರಿಕ ಸೇನೆಯ 5.56 ತೋಟಾಕ್ಕೆ ಹಾಕುತ್ತಿದ್ದ ಡಬ್ಲ್ಯೂಸಿ844. ಸಿಎಫ್‌ಇ 223ಯಲ್ಲಿ ತಾಮ್ರ ಅಂಟದ ಹಾಗೆ ಬೇರೆ ಸೇರಿಸಿದ್ದಾರೆ. ನನ್ನ ನಳಿಗೆ ಒರೆಸುವ ಕೆಲಸ ಅರ್ಧಕ್ಕೆ ಇಳಿದಿದೆ.

ಫೀನಿಕ್ಸ್ ನಿವಾಸಿ:
ಕೇಳಿದವರಿಗೆ ಬೋಲ್ಟ್ ರೈಫಲ್, ಕಾಗದದ ಗುರಿ. ತಿಂಗಳಿಗೆ 600 ಸುಡುವವರ ಲೆಕ್ಕ ಅವರಿಗೆ ಯಾಕೆ? ಹೊಸಬರು ಪ್ರತಿಯೊಂದನ್ನೂ ತೂಗಿಯೇ ಕಲಿಯಬೇಕು. ತೂಗುವುದು ಕಷ್ಟ ಅನ್ನುವವರು ಅಂಗಡಿ ತೋಟಾ ಕೊಳ್ಳಲಿ.

ಡಲ್ಲಾಸ್ ಪ್ರೊಗ್ರೆಸಿವ್:
ನಾನು ಹತ್ತಕ್ಕೆ ಒಂದು ತೂಗಿ ನೋಡುತ್ತೇನೆ. ಒಂಬತ್ತು ವರ್ಷದಲ್ಲಿ ನನ್ನ ಬೋಲ್ಟ್ ಒಂದು ಸಲವೂ ಸಿಕ್ಕಿಕೊಂಡಿಲ್ಲ. ನಿಮ್ಮದು ಸಿಕ್ಕಿಕೊಂಡಿತ್ತು.

ಮಾಂಟಾನಾ ಮಲೆನಾಡಿಗ:
ಮಾರಾಯ್ರೇ, ಇಬ್ಬರೂ ಸ್ವಲ್ಪ ನಿಲ್ಲಿಸಿ. ಯಾವ ಮದ್ದು ಒಳ್ಳೆಯದು ಅನ್ನುವ ಪ್ರಶ್ನೆಯನ್ನೇ ನಾನು ಬಿಟ್ಟಿದ್ದೇನೆ. ಯಾವುದು ಮುಂದಿನ ವರ್ಷವೂ ಸಿಗುತ್ತದೆ, ಅದು ಒಳ್ಳೆಯದು.

2020ರ ಕೊನೆಗೆ ಅಂಗಡಿ ಕಪಾಟು ಖಾಲಿ ಆಗಿದ್ದು ಹಳಬರಿಗೆ ನೆನಪಿದೆ ಅಲ್ವಾ? 32 ಡಾಲರ್‌ಗೆ ತರುತ್ತಿದ್ದ ಸಾವಿರ ಪ್ರೈಮರ್‌ಗೆ 2021ರಲ್ಲಿ 110 ಕೊಟ್ಟೆ. ಮದ್ದು ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯದ ಸಾಮಾನು ಅಂತ ಸಾಗಣೆಗೆ ಪ್ರತ್ಯೇಕ ಶುಲ್ಕ. ಒಂದು ಪೌಂಡ್ ತಂದರೂ ಅಷ್ಟೇ, ಎಂಟು ತಂದರೂ ಅಷ್ಟೇ. ಎರಡು ವರ್ಷದಲ್ಲಿ ಐದು ಬೇರೆ ಬೇರೆ ಮದ್ದು ತಂದೆ. ಪ್ರತಿ ಸಲ ಕೆಳಗಿನ ತೂಕದಿಂದ ಶುರು, ಪ್ರತಿ ಸಲ 60 ತೋಟಾ ಬರೀ ಪರೀಕ್ಷೆಗೆ. ಅಂದರೆ 300 ಗುಂಡು, 300 ಪ್ರೈಮರ್. ಕೈಗೆ ಬಂದದ್ದು ಏನೂ ಇಲ್ಲ.

ಆ ಗಡಿಬಿಡಿಯಲ್ಲೇ ದೊಡ್ಡ ತಪ್ಪೂ ಆಯಿತು. ಅಳತೆ ಯಂತ್ರದ ಬುಟ್ಟಿಯಲ್ಲಿ ಹಿಂದಿನ ವಾರದ ಬಾಲ್ ಪೌಡರ್ ಕಾಲು ಭಾಗ ಉಳಿದಿತ್ತು. ನೋಡದೆ ಮೇಲಿಂದ ಕಡ್ಡಿ ಮದ್ದು ಸುರಿದೆ. ತಕ್ಕಡಿಯ ತಟ್ಟೆಗೆ ಬಿದ್ದಾಗ ನೋಡುತ್ತೇನೆ, ರಾಗಿಯಲ್ಲಿ ಶಾವಿಗೆ ಚೂರು ಬೆರೆತ ಹಾಗೆ. ಎದೆ ಧಸಕ್ ಅಂತು. ತುಂಬಿಟ್ಟಿದ್ದ 50 ಬಿಚ್ಚಿದೆ. ಮುಕ್ಕಾಲು ಪೌಂಡ್ ಮದ್ದು ಹುಲ್ಲಿನ ಮೇಲೆ ತೆಳ್ಳಗೆ ಎರಚಿದೆ. ಅವತ್ತಿಂದ ಮೇಜಿನ ಮೇಲೆ ಒಂದೇ ಡಬ್ಬಿ. ಕೆಲಸ ಮುಗಿದ ಕೂಡಲೇ ಬುಟ್ಟಿ ಖಾಲಿ, ಮದ್ದು ಅದರದೇ ಡಬ್ಬಿಗೆ. ಊಟಕ್ಕೆ ಕರೆದರೂ ಏಳುವುದಿಲ್ಲ.

ಹೊಸಬರೇ, ಒಂದು ಪೌಂಡ್ ಅಂದರೆ 7000 ಗ್ರೇನ್. ತೋಟಾಕ್ಕೆ ಸುಮಾರು 25 ಅಂತ ಹಿಡಿದರೂ 280 ತೋಟಾ ಆಯಿತು. ಒಂದು ಪೌಂಡ್ ತಂದು ನೋಡಿ. ನಿಮ್ಮ ರೈಫಲ್‌ಗೆ ಹಿಡಿಸಿದರೆ ಮರುದಿನವೇ ಎಂಟು ಪೌಂಡ್ ಡಬ್ಬಿ ತನ್ನಿ, ಒಂದೇ ಲಾಟ್‌ನದು, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದದ್ದು. ಲಾಟ್ ಬದಲಾದರೆ ಮತ್ತೆ ಕೆಳಗಿಂದ ಶುರು. ಮನೆಯಲ್ಲಿ 20 ಪೌಂಡ್ ದಾಟಿಸಬೇಡಿ. ಬೆಂಕಿ ಸುರಕ್ಷತೆಯ ನಿಯಮದ ಪ್ರಕಾರ ಅದರ ಮೇಲೆ ಇಡಬೇಕಾದರೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು.

ನಮ್ಮ ಅಜ್ಜ ಕೇಪಿನ ಕೋವಿಗೆ ಕರಿಮದ್ದನ್ನು ಬಿದಿರಿನ ಅಂಡೆಯಿಂದ ಅಂದಾಜಿಗೆ ಸುರಿಯುತ್ತಿದ್ದರು. ಆ ಅಂದಾಜು ಇಲ್ಲಿ ನಡೆಯುವುದಿಲ್ಲ. ಹೊಗೆ ಇಲ್ಲದ ಮದ್ದು ಬೇರೆಯೇ ಜಾತಿ. ಅದನ್ನು ಕೇಪಿನ ಕೋವಿಗೆ ಹಾಕಿದರೆ ನಳಿಗೆ ಒಡೆದು ಕೈ ಹೋಗುತ್ತದೆ.

ಕೊಲೊರಾಡೋ ಕೊಡವತಿ:
ಅಣ್ಣ, ಅಂದಾಜಿಗೆ ಸುರಿಯುತ್ತಿದ್ದರು ಅಂತ ಎಲ್ಲ ಅಜ್ಜಂದಿರನ್ನೂ ಸೇರಿಸಬೇಡಿ. ನಮ್ಮ ಅಜ್ಜ ಅಳತೆಗೆ ಒಂದು ಜಿಂಕೆ ಕೊಂಬಿನ ತುಂಡು ಕೊರೆದು ಇಟ್ಟುಕೊಂಡಿದ್ದರು. ತಲೆತಟ್ಟಾಗಿ ತುಂಬಿ ಬೆರಳಲ್ಲಿ ಸವರುತ್ತಿದ್ದರು. ಕೈಲ್ ಪೊಳ್ದ್ ದಿನ ತೋಕಿಗೆ (ಕೋವಿಗೆ) ಹೂವಿಟ್ಟು ಪೂಜೆ ಮಾಡಿ, ಮರದ ತುದಿಯ ತೆಂಗಿನಕಾಯಿ ಹೊಡೆಯುವ ಮನೆಯಲ್ಲಿ ಬೆಳೆದವಳು ನಾನು.

ನೀವು ಯಾರೂ ಎಚ್4895 ಹೆಸರೇ ಎತ್ತಲಿಲ್ಲ. ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ಸದ್ದು, ಒದೆತ ಎರಡೂ ಕಡಿಮೆ ಇರಬೇಕಿತ್ತು. ಬೇರೆ ಮದ್ದನ್ನು ಮನಸ್ಸಿಗೆ ಬಂದಷ್ಟು ಕಡಿಮೆ ಹಾಕುವುದು ಅಪಾಯ. ಆದರೆ ಇದಕ್ಕೆ ಕಡಿಮೆ ಲೋಡಿನ ಲೆಕ್ಕವನ್ನು ಅದನ್ನು ಮಾರುವ ಹಾಜ್ಡನ್ ಕಂಪನಿಯವರೇ ಕೊಟ್ಟಿದ್ದಾರೆ. ಬಿಸಿಲು ಚಳಿಗೆ ವಾರ್ಗೆಟ್‌ನಷ್ಟೇ ಗಟ್ಟಿ. ಕಾಳು ಅದಕ್ಕಿಂತ ಚಿಕ್ಕದು, ಯಂತ್ರದಲ್ಲಿ ಅಷ್ಟು ಸಿಕ್ಕಿಕೊಳ್ಳುವುದಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ಅವಳು 100 ಗಜದಲ್ಲಿ ಹತ್ತಕ್ಕೆ ಒಂಬತ್ತು ಗುರಿಯ ಕಪ್ಪು ವೃತ್ತದೊಳಗೆ ಹೊಡೆದಳು. ಆ ಕಾಗದ ಫ್ರಿಜ್ ಬಾಗಿಲ ಮೇಲಿದೆ.

ಮಾಂಟಾನಾ ಮಲೆನಾಡಿಗ:
ಅಕ್ಕ, ನಾನು ಹೇಳಿದ್ದು ನಮ್ಮ ಅಜ್ಜನ ಮಾತು ಮಾತ್ರ. ಅವರ ಎಡಗಣ್ಣಿನ ಹುಬ್ಬು ಅರ್ಧ ಸುಟ್ಟಿತ್ತು. ಅದಕ್ಕೇ ಹೇಳಿದೆ.

ವೀಸಾದವನು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನಿನ್ನೂ ಎಚ್-1ಬಿ. ರೈಫಲ್ ಆಮೇಲೆ ಕೊಳ್ಳುತ್ತೇನೆ. ಈಗಲೇ ಮದ್ದು, ಪ್ರೈಮರ್ ಅಗ್ಗಕ್ಕೆ ಸಿಕ್ಕಾಗ ತಂದಿಟ್ಟುಕೊಳ್ಳಬಹುದಾ?

ಡಲ್ಲಾಸ್ ಪ್ರೊಗ್ರೆಸಿವ್:
ತಂದಿಡಿ. ಮದ್ದು ಕೋವಿ ಅಲ್ಲವಲ್ಲ.

ಮಾಂಟಾನಾ ಮಲೆನಾಡಿಗ:
ದಯವಿಟ್ಟು ಆ ಮಾತು ವಾಪಸ್ ತೆಗೆದುಕೊಳ್ಳಿ. ಒಬ್ಬರ ಬದುಕೇ ಹಾಳಾಗುತ್ತದೆ. ಫೆಡರಲ್ ಕಾನೂನಿನಲ್ಲಿ ಮದ್ದು, ಪ್ರೈಮರ್, ಗುಂಡು, ಖಾಲಿ ಕೇಸ್ ಎಲ್ಲವೂ ಅಮ್ಯುನಿಷನ್ ಲೆಕ್ಕವೇ. ಎಚ್-1ಬಿಯವರು ಕೋವಿಯನ್ನೂ ಇಟ್ಟುಕೊಳ್ಳುವಂತಿಲ್ಲ, ಇದನ್ನೂ ಇಟ್ಟುಕೊಳ್ಳುವಂತಿಲ್ಲ.

ಡಲ್ಲಾಸ್ ಪ್ರೊಗ್ರೆಸಿವ್:
ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನನ್ನ ಗೆಳೆಯ ಹಾಗೇ ತೆಗೆದುಕೊಂಡ. ನನಗೂ ಕಾನೂನು ಗೊತ್ತು.

ಫೀನಿಕ್ಸ್ ನಿವಾಸಿ:
ವಿನಾಯಿತಿ ಇದೆ, ಸರಿ. ಅದನ್ನು ಮೊದಲೇ ಹೇಳಬೇಕಿತ್ತು. ಸುಮ್ನೆ ‘ತಂದಿಡಿ’ ಅಂದರೆ ಆ ಹುಡುಗ ನಾಳೆಯೇ ಅಂಗಡಿಗೆ ಹೋಗುತ್ತಾನೆ. ಗ್ರೀನ್ ಕಾರ್ಡ್‌ಗೆ ನಾನು ಹನ್ನೊಂದು ವರ್ಷ ಕಾದವನು. ಎರಡು ಡಬ್ಬಿ ಮದ್ದಿಗೆ ಅದನ್ನು ಪಣಕ್ಕಿಡಿ ಅಂತ ಯಾರಿಗೂ ಹೇಳಲಾರೆ.

ಕೊಲೊರಾಡೋ ಕೊಡವತಿ:
ತಮ್ಮ, ತೋಟಾ ತುಂಬುವ ಪ್ರೆಸ್, ಡೈ, ತಕ್ಕಡಿ, ಪುಸ್ತಕ ತಂದುಕೋ. ಅದಕ್ಕೆ ಅಡ್ಡಿಯಿಲ್ಲ. ಮದ್ದು, ಪ್ರೈಮರ್ ಮುಟ್ಟಬೇಡ. ಬೇಟೆ ಲೈಸೆನ್ಸ್ ದಾರಿ ಬೇಕಾದರೆ ಮೊದಲು ವಕೀಲರನ್ನು ಕೇಳು. ಇನ್ನೊಂದು ಮಾತು. ಫೈರಿಂಗ್‌ಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಬಳಸಬೇಡ. ನನ್ನ ಗಂಡನ ಲ್ಯಾಪ್‌ಟಾಪ್ ಬ್ಯಾಗಿನ ಮೂಲೆಯಲ್ಲಿ ಒಂದೇ ಒಂದು ಖಾಲಿ ತೋಟಾ ಉಳಿದಿತ್ತು. ಊರಿಂದ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಹೇಳಿಕೆ ಬರೆಸಿ ನಿಂತೆವು. ವಿಮಾನ ಹೋಯಿತು, ಹೊಸ ಟಿಕೆಟ್‌ಗೆ 1,400 ಡಾಲರ್.

ಡಲ್ಲಾಸ್ ಪ್ರೊಗ್ರೆಸಿವ್:
ಸರಿ. ‘ತಂದಿಡಿ’ ಅಂದದ್ದು ತಪ್ಪು, ಒಪ್ಪಿದೆ. ಬಾಲ್ ಪೌಡರ್ ವಿಷಯದಲ್ಲಿ ಮಾತ್ರ ಒಂದಕ್ಷರ ಬದಲಿಸಲ್ಲ.

ಓಹಾಯೋ ಹೊಸಬ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಅಂಗಡಿಗೆ ಹೋದೆ. ವಾರ್ಗೆಟ್ ಖಾಲಿ, ಸೋಮವಾರ ಬರಬಹುದು ಅಂದರು. ಕೆಳಗಿನ ಸಾಲಿನಲ್ಲಿ ಎಚ್4895 ಎರಡೇ ಡಬ್ಬಿ ಇದ್ದವು. ಪುಸ್ತಕದಲ್ಲಿ 69 ಗ್ರೇನ್‌ಗೆ ಲೆಕ್ಕ ಇದೆ ಅಂತ ಅಲ್ಲೇ ನಿಂತು ನೋಡಿಕೊಂಡೆ. ಎರಡನ್ನೂ ತಂದೆ. ಹತ್ತು ತೋಟಾ ತೂಗಿ ತುಂಬಿದ್ದೇನೆ, ಅತ್ಯಂತ ಕೆಳಗಿನ ತೂಕದಲ್ಲಿ.

ಮಾಂಟಾನಾ ಮಲೆನಾಡಿಗ:
ಎರಡು ಡಬ್ಬಿಯ ಲಾಟ್ ನಂಬರ್ ಒಂದೇನಾ? ತಿರುಗಿಸಿ ನೋಡಿ.

ಓಹಾಯೋ ಹೊಸಬ:
ಈಗ ನೋಡಿದೆ. ಬೇರೆ ಬೇರೆ.