ಪುಸ್ತಕ ಮೊದಲಾ, ಸಿನಿಮಾ ಮೊದಲಾ? ಮಾಡಿ ನೋಡಿದವರು ಹೇಳಿ

ಬದಿಯಡ್ಕ, ಕೇಳಿದವರು:
ನಮ್ಮ ಗ್ರಂಥಾಲಯದಲ್ಲಿ ಈ ಬೇಸಿಗೆ ರಜೆಗೆ ಎಂಟು, ಒಂಬತ್ತನೇ ಕ್ಲಾಸಿನ 14 ಮಕ್ಕಳನ್ನು ಕೂರಿಸಿ ಓದಿಸಬೇಕು ಅಂತ ಇದ್ದೇವೆ. ಕಾದಂಬರಿ ಮತ್ತು ಅದರಿಂದ ಬಂದ ಸಿನಿಮಾ, ಎರಡೂ. 'ಚೋಮನ ದುಡಿ', 'ಬೆಟ್ಟದ ಜೀವ' ಮನಸ್ಸಿನಲ್ಲಿವೆ. ಅರ್ಧ ಮಕ್ಕಳ ಮನೆಮಾತು ತುಳು, ಕೆಲವರದ್ದು ಮಲಯಾಳಂ. ಕನ್ನಡ ಓದುವುದು ಸ್ವಲ್ಪ ನಿಧಾನ. ಕೈಯಲ್ಲಿ ಇರುವುದು 3,000 ರೂಪಾಯಿ. ಮೊದಲು ಓದಿಸುವುದಾ, ಮೊದಲು ತೋರಿಸುವುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕುಂಬಳೆ, ನಿವೃತ್ತ ಟೀಚರ್:
ಪುಸ್ತಕ ಮೊದಲು. ಎರಡು ಮಾತಿಲ್ಲ. ನಾನು 'ಚೋಮನ ದುಡಿ'ಯನ್ನೇ ಮಾಡಿದ್ದೇನೆ. ಖರ್ಚು ಕೇಳಿ. ಎಂಟು ಪ್ರತಿ ಪುಸ್ತಕ ನನ್ನ ಪಿಂಚಣಿಯಿಂದ. ಪ್ರೊಜೆಕ್ಟರ್ ಬಾಡಿಗೆ 1,200, ತರಲು ಆಟೋಗೆ 260, ವಾಪಸ್ ಕೊಡಲು ಮತ್ತೆ 260. ಸ್ಪೀಕರ್ ಪಕ್ಕದ ಮನೆಯ ಹುಡುಗ ಸುಮ್ನೆ ಕೊಟ್ಟ, ಆದರೆ ಅದರ ವೈರು ಸರಿ ಇರಲಿಲ್ಲ, ಹೊಸತಕ್ಕೆ 180. ಪರದೆಗೆ ನನ್ನ ಬಿಳಿ ಸೀರೆ. ಎಲ್ಲ ಆಗಿ ಚೋಮನ ಮಗ ನೀಲ ನೀರಿಗೆ ಇಳಿಯುವ ಹೊತ್ತಿಗೆ ಕರೆಂಟು ಹೋಯಿತು. ಒಂದೂವರೆ ಗಂಟೆ ಬರಲೇ ಇಲ್ಲ.

ಆಗ ಏನಾಯಿತು ಗೊತ್ತಾ? ಕತ್ತಲಲ್ಲಿ ಒಬ್ಬಳು ಹುಡುಗಿ ಮುಂದಿನ ಕತೆ ಹೇಳಿದಳು. ಹುಡುಗ ಮುಳುಗುವಾಗ ದಡದಲ್ಲಿ ಜನ ಇದ್ದರೂ ಮುಟ್ಟಿದರೆ ಮೈಲಿಗೆ ಅಂತ ಯಾರೂ ಇಳಿಯದ್ದನ್ನು ಹೇಳುತ್ತಾ ಅವಳು ಅತ್ತಳು. ಓದಿದ್ದಳು, ಅದಕ್ಕೆ ಹೇಳಲು ಆಯಿತು. ಶಿವರಾಮ ಕಾರಂತರು 1933ರಲ್ಲಿ ಬರೆದದ್ದು ಇವತ್ತಿನ ಹುಡುಗಿಯ ಬಾಯಲ್ಲಿ ಬಂತು. ಬಿ.ವಿ. ಕಾರಂತರ ಸಿನಿಮಾ 1975ರದ್ದು, ಕಪ್ಪು ಬಿಳುಪು. ವಾಸುದೇವ ರಾವ್ ಅವರ ಚೋಮನನ್ನು ಮರೆಯಲು ಆಗುವುದಿಲ್ಲ, ಅದು ನಿಜ. ಆದರೆ ಮೊದಲು ಸಿನಿಮಾ ನೋಡಿದ ಮಗುವಿಗೆ ಚೋಮ ಎಂದರೆ ಅದೊಂದೇ ಮುಖ. ದುಡಿಯ ಸದ್ದು ಕೂಡ ಅದೊಂದೇ. ಓದುವಾಗ ಪ್ರತಿ ಮಗುವಿಗೆ ಬೇರೆ ಬೇರೆ ದುಡಿ ಕೇಳುತ್ತದೆ.

ಪೆರ್ಲ, ಅಡಿಕೆ ಕೃಷಿಕ:
ಟೀಚರ್, ನಿಮ್ಮ ಮಕ್ಕಳು ಓದುವ ಮಕ್ಕಳು. ನಮ್ಮ ಮನೆಯಲ್ಲಿ ಹಾಗಲ್ಲ. ನನ್ನ ಮಗನಿಗೆ 'ಬೆಟ್ಟದ ಜೀವ' ಕೊಟ್ಟೆ. 20 ಪುಟ ಆದ ಮೇಲೆ "ಅಪ್ಪಾ, ಇದರಲ್ಲಿ ಎಂತದೂ ಆಗುವುದಿಲ್ಲ" ಅಂದ. ದಾರಿ ತಪ್ಪಿ ಬಂದವನಿಗೆ ಗೋಪಾಲಯ್ಯ ಊಟ ಹಾಕುತ್ತಾರೆ, ತೋಟ ತೋರಿಸುತ್ತಾರೆ, ಮಾತಾಡುತ್ತಾರೆ. 13 ವರ್ಷದವನಿಗೆ ಅದರಲ್ಲಿ ಏನು ಸಿಗಬೇಕು? ಪುಸ್ತಕ ಒಂದು ವರ್ಷ ಮಂಚದ ಅಡಿಯಲ್ಲಿ ಬಿತ್ತು. ಗೆದ್ದಲು ಹಿಡಿಯಿತು, ಬೇರೆ ಪ್ರತಿ ತಂದೆ.

ಆಮೇಲೆ ಶೇಷಾದ್ರಿಯವರ 2011ರ ಸಿನಿಮಾ ತೋರಿಸಿದೆ. ನನ್ನ ಅಪ್ಪ ಕೂಡ ಬಂದು ಕೂತರು. 79 ವರ್ಷ. ಗೋಪಾಲಯ್ಯನ ಪಾತ್ರದ ದತ್ತಾತ್ರೇಯ ಅವರು ತೋಟದಲ್ಲಿ ನಡೆಯುವುದನ್ನು ನೋಡಿ ಅಪ್ಪ "ಇದು ನಮ್ಮದೇ ಮನೆ" ಅಂದರು. ಗೋಪಾಲಯ್ಯನ ಮಗ ಶಂಭು ಮನೆ ಬಿಟ್ಟು ಹೋದವನು ಅಲ್ವಾ, ನನ್ನ ತಮ್ಮ ಕೂಡ ಹಾಗೇ ಬೆಂಗಳೂರಿಗೆ ಹೋಗಿ ಆರು ವರ್ಷ ಫೋನು ಮಾಡಿರಲಿಲ್ಲ. ಸಿನಿಮಾ ಮುಗಿದ ಮೇಲೆ ಅಪ್ಪ ಯಾರ ಹತ್ತಿರವೂ ಮಾತಾಡಲಿಲ್ಲ. ಅಜ್ಜ ಯಾಕೆ ಹಾಗೆ ಕೂತರು ಅಂತ ತಿಳಿಯಲು ಮಗ ಪುಸ್ತಕ ತೆಗೆದ. ಮೂರು ದಿನದಲ್ಲಿ ಮುಗಿಸಿದ. ನಾನು ಸಿನಿಮಾ ಮೊದಲು ಅಂತಲೇ ಹೇಳುವುದು.

ಕುಂಬಳೆ, ನಿವೃತ್ತ ಟೀಚರ್:
20 ಪುಟಕ್ಕೆ ಬಿಟ್ಟರೆ ಪುಸ್ತಕದ ತಪ್ಪಲ್ಲ. ಜೊತೆಗೆ ಕೂತು ಗಟ್ಟಿಯಾಗಿ ಓದಬೇಕಿತ್ತು.

ಪೆರ್ಲ, ಅಡಿಕೆ ಕೃಷಿಕ:
ತೋಟಕ್ಕೆ ಮದ್ದು ಬಿಡುವ ಸಮಯ ಅದು ಟೀಚರ್. ರಾತ್ರಿ ಕೈ ಎತ್ತಲು ಆಗುವುದಿಲ್ಲ. ಗಟ್ಟಿಯಾಗಿ ಓದಲು ಪುರುಸೊತ್ತು ಇದ್ದವರು ಹೇಳುವ ಮಾತು ಇದು.

ಮುಳ್ಳೇರಿಯ:
ಸಿನಿಮಾ ಮೊದಲು ನೋಡಿದ್ದರಿಂದ ಆದ ನಷ್ಟ ನನ್ನನ್ನು ಕೇಳಿ. 'ನಾಗರಹಾವು' ಚಿಕ್ಕಂದಿನಲ್ಲಿ ನೋಡಿದೆ. ರಾಮಾಚಾರಿ ಎಂದರೆ ಪ್ರಾಣ. ಅದು ತರಾಸು ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು ಅಂತ ಆಮೇಲೆ ತಿಳಿಯಿತು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ಮೊದಲಿನ ಎರಡು ಸಿಕ್ಕಿದವು. ಮೂರನೆಯದಕ್ಕೆ ಹನ್ನೊಂದು ವರ್ಷ ಹುಡುಕಿದೆ. ಮಂಗಳೂರಿಗೆ ಎಷ್ಟು ಸಲ ಹೋದೆನೋ ಲೆಕ್ಕ ಇಲ್ಲ. ಕೊನೆಗೆ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ 650 ರೂಪಾಯಿಗೆ ಸಿಕ್ಕಿತು. ಮನೆಗೆ ತಂದು ನೋಡಿದರೆ 113ರಿಂದ 128ರ ತನಕ ಪುಟ ಇಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ಓದುವಾಗ ನನಗೆ ತರಾಸು ಅವರ ರಾಮಾಚಾರಿ ಕಾಣಲೇ ಇಲ್ಲ. ವಿಷ್ಣುವರ್ಧನ್ ಮಾತ್ರ ಕಂಡರು. ಲೇಖಕರಿಗೇ ಆ ಸಿನಿಮಾ ಹಿಡಿಸಿರಲಿಲ್ಲ. ಬರೆದವರಿಗೆ ನೋವಾಗಿದ್ದರೆ ನಾವು ಚಪ್ಪಾಳೆ ಹೊಡೆದದ್ದು ಎಷ್ಟು ಸರಿ ಅಂತ ಈಗಲೂ ಯೋಚನೆ ಬರುತ್ತದೆ.

ಮಂಜೇಶ್ವರ:
'ನಾಗರಹಾವು' ನಿರ್ದೇಶಿಸಿದ ಪುಟ್ಟಣ್ಣನವರ ಬಗ್ಗೆ ಹಾಗೆ ಹೇಳಬೇಡಿ. 1972ರಲ್ಲಿ ಆ ಸಿನಿಮಾ ಬರದಿದ್ದರೆ ನೀವು ಆ ಮೂರು ಪುಸ್ತಕದ ಹೆಸರು ಕೇಳುತ್ತಿದ್ದಿರಾ? ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ನೋಡಿ ನಾನು ಅಧ್ಯಾಪಕ ಆದೆ. 31 ವರ್ಷ ಪಾಠ ಮಾಡಿದೆ. ಕಾದಂಬರಿ ಕಾದಂಬರಿಯ ಕೆಲಸ ಮಾಡುತ್ತದೆ, ಸಿನಿಮಾ ಸಿನಿಮಾದ್ದು.

ಮುಳ್ಳೇರಿಯ:
ನೀವು ಮೂರೂ ಓದಿದ್ದೀರಾ?

ಮಂಜೇಶ್ವರ:
ಒಂದು ಓದಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕಾಸರಗೋಡು ಪೇಟೆ:
ಕಾರಂತರು ಆಯಿತು, ತರಾಸು ಆಯಿತು. ನಮ್ಮ ಊರಿನ ಸಾರಾ ಅಬೂಬಕ್ಕರ್ ಅವರ ಹೆಸರು ಒಬ್ಬರೂ ಎತ್ತಲಿಲ್ಲ. 'ಚಂದ್ರಗಿರಿಯ ತೀರದಲ್ಲಿ' ಈ ಹೊಳೆಯ ಕತೆ ಅಲ್ವಾ? ನಾದಿರಾ ನಮ್ಮ ಮನೆಯ ಹುಡುಗಿ ಇದ್ದ ಹಾಗೆ. ಅಪ್ಪನ ಹಟಕ್ಕೆ ಗಂಡನಿಂದ ತಲಾಖ್ ಆಗಿ, ಮತ್ತೆ ಅದೇ ಗಂಡನ ಹತ್ತಿರ ಹೋಗಬೇಕಾದರೆ ಒಂದು ರಾತ್ರಿಗೆ ಬೇರೆಯವನನ್ನು ಮದುವೆ ಆಗಬೇಕು ಅನ್ನುವ ಸಂಕಟ. ನಾನು ಅದನ್ನು ಮದುವೆಯಾದ ವರ್ಷ ಓದಿದೆ. ಅತ್ತೆ ಮಲಗಿದ ಮೇಲೆ, ಅಡುಗೆ ಮನೆಯ ದೀಪದಲ್ಲಿ.

2011ರ 'ಬ್ಯಾರಿ' ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಬ್ಯಾರಿ ಭಾಷೆಯ ಮೊದಲ ಸಿನಿಮಾ, ನಮಗೆಲ್ಲ ಖುಷಿ. ಆದರೆ ತನ್ನ ಕಾದಂಬರಿಯನ್ನು ಕೇಳದೆ ಬಳಸಿದ್ದಾರೆ ಅಂತ ಸಾರಾ ಅವರು ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ಕೋರ್ಟು ಹತ್ತುವುದು ಅಂದರೆ ಎಷ್ಟು ಕಷ್ಟ! ಅದಕ್ಕೆ ನಾನು ಆ ಸಿನಿಮಾ ಇವತ್ತಿನ ತನಕ ನೋಡಿಲ್ಲ. ಮಗಳು ಮೊಬೈಲಿನಲ್ಲಿ ಹಾಕಿದರೆ ಎದ್ದು ಹೋಗುತ್ತೇನೆ. ಮಕ್ಕಳಿಗೆ ಪುಸ್ತಕ ಮಾತ್ರ ಕೊಡಿ.

ಉಪ್ಪಳ:
ಅಕ್ಕಾ, ನಾನು ಬ್ಯಾರಿ. ನನ್ನ ಉಮ್ಮ ಕನ್ನಡ ಓದಲು ಕಲಿತವರಲ್ಲ. ತನ್ನ ಮಾತನ್ನು ಪರದೆಯ ಮೇಲೆ ಮೊದಲ ಸಲ ಕೇಳಿದಾಗ ಕೈ ಹಿಡಿದುಕೊಂಡು ಕೂತರು. ಸಾರಾ ಅವರಿಗೆ ಅನ್ಯಾಯ ಆಗಬಾರದು, ಒಪ್ಪುತ್ತೇನೆ. ಆದರೆ ನನ್ನ ಉಮ್ಮ ಆ ಪುಸ್ತಕ ಓದುವುದು ಹೇಗೆ?

ಕಾಸರಗೋಡು ಪೇಟೆ:
ನೀವು ಓದಿ ಹೇಳಬೇಕಿತ್ತು.

ಉಪ್ಪಳ:
ಹೇಳಿದ್ದೇನೆ ಅಕ್ಕಾ. ಪೂರ್ತಿ. ಎರಡು ಸಲ.

ನೀಲೇಶ್ವರ:
ಎಲ್ಲರೂ ಚಂದ್ರಗಿರಿ ಹೊಳೆಯ ತನಕ ಬಂದು ನಿಂತಿರಿ. ತೇಜಸ್ವಿನಿ ಹೊಳೆಯ ದಡದಲ್ಲಿ ಕಯ್ಯೂರು ಉಂಟು. ನಾಲ್ಕು ಮಂದಿ ರೈತ ಹುಡುಗರನ್ನು 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ಗಲ್ಲಿಗೆ ಹಾಕಿದರು. ಆ ಕತೆಯನ್ನು ಕಾದಂಬರಿ ಮಾಡಿದ್ದು ಕನ್ನಡದ ನಿರಂಜನ, 'ಚಿರಸ್ಮರಣೆ'. ಅದೇ ಘಟನೆಯ ಮೇಲೆ ಲೆನಿನ್ ರಾಜೇಂದ್ರನ್ 1986ರಲ್ಲಿ ಮಲಯಾಳಂನಲ್ಲಿ 'ಮೀನಮಾಸತ್ತಿಲೆ ಸೂರ್ಯನ್' ಮಾಡಿದರು. ನಾನು ಆರು ಮಕ್ಕಳನ್ನು ಜೀಪಿನಲ್ಲಿ ಕಯ್ಯೂರಿಗೇ ಕರೆದುಕೊಂಡು ಹೋದೆ. ಬಾಡಿಗೆ 1,800, ಊಟ 540, ಒಬ್ಬನಿಗೆ ವಾಂತಿ ಆಗಿ ಜೀಪು ತೊಳೆಸಲು 200. ಹೊಳೆ ಬದಿಯಲ್ಲಿ ಕೂತು ಒಂದು ಅಧ್ಯಾಯ ಓದಿದೆವು, ಸಂಜೆ ಸಿನಿಮಾ. ಯಾವುದು ಮೊದಲು ಅನ್ನುವ ಪ್ರಶ್ನೆಯೇ ಬರಲಿಲ್ಲ.

ಮಂಜೇಶ್ವರ:
ಇವರು ಕೇಳಿದ್ದು ಕನ್ನಡ ಓದಿಸಲು. ಮಲಯಾಳಂ ಸಿನಿಮಾ ತೋರಿಸಿದರೆ ಕನ್ನಡ ಬರುತ್ತದಾ? ಮೊದಲೇ ಕನ್ನಡ ಮಕ್ಕಳು ಕಡಿಮೆ ಆಗುತ್ತಿದ್ದಾರೆ.

ನೀಲೇಶ್ವರ:
ಮಲಯಾಳಿಗಳ ಕತೆಯನ್ನು ಕನ್ನಡದಲ್ಲಿ ಬರೆಯಲು ನಿರಂಜನರಿಗೆ ಅಡ್ಡಿ ಆಗಲಿಲ್ಲ. ಆ ಸಿನಿಮಾ ನೋಡಲು ನಿಮಗೆ ಯಾಕೆ ಅಡ್ಡಿ ಮಾಷ್ಟ್ರೆ?

ಮಂಜೇಶ್ವರ:
31 ವರ್ಷ ಕನ್ನಡ ಶಾಲೆಯಲ್ಲಿ ದುಡಿದವನಿಗೆ ಈ ಮಾತು ಹೇಳಬೇಡಿ. ಕೊನೆಯ ವರ್ಷ ನನ್ನ ಒಂದನೇ ಕ್ಲಾಸಿಗೆ ಸೇರಿದ್ದು ನಾಲ್ಕು ಮಕ್ಕಳು.

ಬದಿಯಡ್ಕ, ಕೇಳಿದವರು:
ಎಲ್ಲರಿಗೂ ವಂದನೆ. ದಯವಿಟ್ಟು ಜಗಳ ಬೇಡ. ಟೀಚರ್, ನಿಮ್ಮ ಆ ಎಂಟು 'ಚೋಮನ ದುಡಿ' ಈಗ ಎಲ್ಲಿ ಉಂಟು? ಒಂದು ತಿಂಗಳಿಗೆ ಸಿಗಬಹುದಾ?

ಕುಂಬಳೆ, ನಿವೃತ್ತ ಟೀಚರ್:
ಐದು ಉಂಟು. ಮೂರು ಮಕ್ಕಳು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಶನಿವಾರ ಬನ್ನಿ. ಪುಸ್ತಕ ಮೊದಲು ಅಂದರೆ ಮಾತ್ರ ಕೊಡುತ್ತೇನೆ.

ಮುಳ್ಳೇರಿಯ:
ಯಾರ ಹತ್ತಿರವಾದರೂ 'ಸರ್ಪ ಮತ್ಸರ' ಪೂರ್ತಿ ಇದ್ದರೆ ತಿಳಿಸಿ. 113ರಿಂದ 128ರ ತನಕ ಜೆರಾಕ್ಸ್ ಸಾಕು. ಎಷ್ಟು ದೂರ ಆದರೂ ಬರುತ್ತೇನೆ.

ಮಂಜೇಶ್ವರ:
ನಾನು ಓದಿದ ಒಂದು ಅದೇ. ಮನೆಯಲ್ಲಿ ಉಂಟು. ಹೊರಗೆ ಕೊಡುವುದಿಲ್ಲ, ಇಲ್ಲಿಗೇ ಬಂದು ಕೂತು ಓದಿ.