ದ ವೇವ್ ಬಂಡೆಗಳ ಫೋಟೊ: ಹೋಗಿಬಂದವರು ಹೇಳಿ

ಕೇಳಿದವರು, ಡಲ್ಲಾಸ್: ಏಪ್ರಿಲ್‌ಗೆ ಅರಿಜೋನಾದ ಕೊಯೋಟಿ ಬ್ಯೂಟ್ಸ್ ನಾರ್ತ್ ಪರ್ಮಿಟ್ ಸಿಕ್ಕಿದೆ, ದ ವೇವ್ ಅನ್ನೋ ಅಲೆಯಂಥ ಮರಳುಗಲ್ಲಿನ ಬಂಡೆ ಇರೋದು ಅಲ್ಲೇ. ದ ವೇವ್ ಚಿತ್ರಗಳಲ್ಲಿ ಬಂಡೆ ಹರಿಯುತ್ತಿರೋ ಹಾಗೆ ಕಾಣುತ್ತಲ್ಲ, ನನ್ನ ಫೋಟೊದಲ್ಲೂ ಅದು ಬರಬೇಕು. ನನ್ನ ಹತ್ತಿರ ಇರೋದು 16-35 ಎಂಎಂ ವೈಡ್ ಲೆನ್ಸ್ ಒಂದೇ. ಎಷ್ಟು ಹೊತ್ತಿಗೆ ಅಲ್ಲಿರಬೇಕು? ಟ್ರೈಪಾಡ್ ಹೊರಬೇಕಾ?

ಸನ್ನಿವೇಲ್: ನಿಮ್ಮ ಪುಣ್ಯ. ಪರ್ಮಿಟ್ ಲಾಟರಿಯಲ್ಲಿ ಬರಬೇಕು, ನನಗೆ ಹನ್ನೆರಡನೇ ಸಲಕ್ಕೆ ಸಿಕ್ಕಿದ್ದು. ಒಂದು ಅರ್ಜಿಗೆ 9 ಡಾಲರ್, ವಾಪಸ್ ಬರಲ್ಲ. 108 ಡಾಲರ್ ಲಾಟರಿಗೇ ಹೋಯ್ತು. ಆಮೇಲೆ ತಲೆಗೆ 7. ಬಾಡಿಗೆ ಜೀಪು 412, ಬಾಡಿಗೆ ಲೆನ್ಸು 96, ಕನಾಬ್‌ನಲ್ಲಿ ಎರಡು ರಾತ್ರಿ ರೂಮು 338. ಇಷ್ಟು ಸುರಿದು, ಸೂರ್ಯೋದಯದ ಬೆಳಕೇ ಚೆಂದ ಅಂತ ಕತ್ತಲಲ್ಲೇ ನಡಿಗೆ ಶುರುವಾಗೋ ವೈರ್ ಪಾಸ್ ಬಿಟ್ಟೆ. ಏಳೂವರೆಗೆ ಒಳಗಿದ್ದೆ. ಅರ್ಧ ಬಿಸಿಲು, ಅರ್ಧ ನೆರಳು. ಕೆಂಪು ಗೆರೆ ಬಳುಕಿಕೊಂಡು ಮೇಲೆ ಹತ್ತುತ್ತೆ, ನಡುವೆ ನೆರಳು ಕತ್ತರಿ ಹಾಕಿದ ಹಾಗೆ. ಓಟವೇ ನಿಂತುಹೋಗುತ್ತೆ. ಮಗನಿಗೆ ತಲೆನೋವು ಶುರುವಾಗಿ ಹತ್ತಕ್ಕೆ ವಾಪಸ್ ಹೊರಟೆವು. ಎದುರಾದವರು ‘ಬೆಳಕು ಈಗ ಬರುತ್ತೆ, ಹೊರಟೇಬಿಟ್ರಾ?’ ಅಂದರು. ಎರಡು ವರ್ಷ ಆಯ್ತು, ಆ ಫೋಲ್ಡರ್ ತೆರೆದಿಲ್ಲ.

ಟೆಂಪಿ: ಬೆಳಗ್ಗೆ ಹೋದದ್ದೇ ತಪ್ಪು. ಅಲ್ಲಿ ನೆರಳಿಲ್ಲದ ಹೊತ್ತು ನಡುಮಧ್ಯಾಹ್ನ. ಗಡಿಯಾರವನ್ನೂ ನೋಡಿಕೊಳ್ಳಿ: ನಡಿಗೆ ಶುರುವಾಗೋದು ಯೂಟಾದಲ್ಲಿ, ವೇವ್ ಇರೋದು ಅರಿಜೋನಾದಲ್ಲಿ, ಏಪ್ರಿಲ್‌ನಲ್ಲಿ ಎರಡಕ್ಕೂ ಒಂದು ಗಂಟೆ ವ್ಯತ್ಯಾಸ. ನನ್ನ ಫೋನು ಗಳಿಗೆಗೊಂದು ಸಮಯ ತೋರಿಸಿತು. ನಾನು ಅರಿಜೋನಾ ಹೊತ್ತಿನ 11ರಿಂದ 1ರವರೆಗೆ ತೆಗೆದೆ. ಮಂಡಿಯೂರಿ, ಬಂಡೆಯಿಂದ ಒಂದು ಮೊಳ ಮೇಲೆ 16 ಎಂಎಂ. ಕಾಲ ಬುಡದಲ್ಲಿ ಬೆರಳಗಲ ಇದ್ದ ಗೆರೆಗಳು ಹೋಗ್ತಾ ಹೋಗ್ತಾ ದಾರದಷ್ಟಾಗಿ ಗೋಡೆ ಹತ್ತಿ ಬಾಗ್ತವೆ. ನಿಂತು ತೆಗೆದದ್ದೆಲ್ಲ ಪಟ್ಟೆ ಸೀರೆ ಒಣಹಾಕಿದ ಹಾಗೆ ಚಪ್ಪಟೆ. ಆಕಾಶ ಕಡುನೀಲಿ ಮಾಡೋ ಪೋಲರೈಸರ್ ಫಿಲ್ಟರ್ ಹಾಕಿ ನಲವತ್ತು ಫ್ರೇಮು ಕಳಕೊಂಡೆ: ಆಕಾಶದ ಒಂದು ಮೂಲೆ ಕಡುನೀಲಿ, ಮಿಕ್ಕಿದ್ದು ಬಿಳಿಚಿಕೊಂಡಿತ್ತು.

ಸನ್ನಿವೇಲ್: ತಪ್ಪು ಅಂತ ನಾನೇ ಬರೆದಿದ್ದೀನಲ್ಲ ಸ್ವಾಮಿ. ಒಂಬತ್ತು ವರ್ಷದ ಮಗುವನ್ನ ಗುರುತೇ ಇಲ್ಲದ ದಾರೀಲಿ ಹೋಗಿಬರೋ ಹತ್ತು ಕಿಲೋಮೀಟರ್ ನಡೆಸಿ, ನೀರೂ ಹೊತ್ತು ನೋಡಿ, ಆಮೇಲೆ ಪಾಠ ಹೇಳಿ.

ಲಾಸ್ ವೇಗಸ್: ಚಲನೆ ಬೇಕಂದ್ರೆ ಡೆತ್ ವ್ಯಾಲಿಯ ರೇಸ್‌ಟ್ರ್ಯಾಕ್ ಅನ್ನೋ ಒಣಗಿದ ಕೆರೆಯಂಗಳಕ್ಕೆ ಹೋಗಿ. ಕಲ್ಲು ನಿಂತಿರುತ್ತೆ, ಅದು ಜಾರಿಬಂದ ಹಾದಿ ಹಿಂದೆ ಬಿದ್ದಿರುತ್ತೆ. ಕೆಸರಿನ ನೆಲದ ಮೇಲೆ ನಿಂತ ನೀರಿಗೆ ತೆಳು ಮಂಜುಗಡ್ಡೆ ಕಟ್ಟಿ, ಬಿಸಿಲಿಗೆ ಒಡೆದು, ಸಣ್ಣ ಗಾಳಿಗೆ ಕಲ್ಲನ್ನ ತಳ್ಳುತ್ತೆ. ವಿಜ್ಞಾನಿಗಳು 2013ರ ಡಿಸೆಂಬರ್‌ನಲ್ಲಿ ಕಣ್ಣಾರೆ ಕಂಡು 2014ರಲ್ಲಿ ಪ್ರಕಟಿಸಿದರು. ನಾನು ಸಂಜೆ ಓರೆ ಬೆಳಕಲ್ಲಿ ತೆಗೆದೆ, ಹಾದಿಯ ಎರಡೂ ಬದಿಯ ಏರು ಎದ್ದು ಕಂಡಿತು. ಆದರೆ ಯೂಬಿಹೀಬಿ ಕ್ರೇಟರ್‌ನಿಂದ 27 ಮೈಲಿ ಚೂಪುಗಲ್ಲಿನ ರಸ್ತೆ. ಹತ್ತೊಂಬತ್ತನೇ ಮೈಲಿಗೆ ಒಂದು ಟೈರು, ವಾಪಸ್ ಬರುವಾಗ ಇನ್ನೊಂದು. ಸ್ಟೆಪ್ನಿ ಒಂದೇ. ಎಳೆದು ತರೋಕೆ 1,850 ಡಾಲರ್. ಬಾಡಿಗೆ ಕಂಪನಿಯವರು ಡಾಂಬರು ಬಿಟ್ಟು ಹೋಗಿದ್ದೀರಿ, ವಿಮೆ ಇಲ್ಲ ಅಂದುಬಿಟ್ಟರು. ಟೈರಿಗೆ ಬೇರೆ 460.

ಟೆಂಪಿ: ಅವರಿಗೆ ಸಿಕ್ಕಿರೋ ಪರ್ಮಿಟ್ ಬಿಟ್ಟು ಡೆತ್ ವ್ಯಾಲಿಗೆ ಹೋಗಬೇಕಾ?

ಲಾಸ್ ವೇಗಸ್: ಟೈರು ನೋಡದೆ ಹೊರಟರೆ ಏನಾಗುತ್ತೆ ಅಂತ ಹೇಳಿದೆ. ವೈರ್ ಪಾಸ್‌ಗೆ ಹೋಗೋ ಹೌಸ್ ರಾಕ್ ವ್ಯಾಲಿ ರಸ್ತೆಯೂ ಮಣ್ಣಿನದೇ, ಮಳೆ ಬಂದರೆ ಅಂಟು.

ಬಾಗಲಕೋಟೆ: ಇಷ್ಟ್ ರೊಕ್ಕಾ ಯಾಕ್ರೀ? ನಮ್ಮ ಬಾದಾಮಿ ಗವಿಯ ಕಂಬದ ಮ್ಯಾಲೇ ಕೆಂಪು-ಬಿಳಿ ಪಟ್ಟಿ ಹರದಾವ. ಬೈಕಿಗೆ ನೂರ್ ರೂಪಾಯಿ ಪೆಟ್ರೋಲ್ ಹಾಕ್ಸಿ ವಾರಕ್ಕೊಮ್ಮೆ ಹೋಗಿ ತಗೀತೀನಿ. ಮರಳುಗಲ್ಲು ಎಲ್ಲಾ ಕಡೆ ಒಂದ.

ಹ್ಯೂಸ್ಟನ್: ಒಂದೇ ಅಲ್ಲ ಸರ್. ಬಾದಾಮಿಯ ಮರಳು ಹೆಚ್ಚಾಗಿ ನದಿ ಹಾಸಿದ್ದು. ವೇವ್‌ನದು ನವಾಹೊ ಮರಳುಗಲ್ಲು, ಸುಮಾರು 19 ಕೋಟಿ ವರ್ಷದ ಹಿಂದೆ ಗಾಳಿ ಕಟ್ಟಿದ ದಿಬ್ಬಗಳು. ನೆತ್ತಿ ದಾಟಿದ ಮರಳು ಆಚೆ ಇಳಿಜಾರಿಗೆ ಜಾರಿಜಾರಿ ಪದರ ಕೂತಿದೆ, ಗಾಳಿಯ ದಿಕ್ಕು ತಿರುಗಿದ ಕಡೆ ಗೆರೆಯೂ ಓರೆ ತಿರುಗಿದೆ. ಆಮೇಲೆ ಮಳೆನೀರು ಕೊರೆದ ಗುಂಡಿಯನ್ನ ಗಾಳಿ ಉಜ್ಜಿದೆ. ಕಣ್ಣು ಹಿಡಿಯೋ ಓಟ ಆ ಗಾಳಿಯದೇ. ಎರಡು ಓರೆ ಎದುರುಬದುರಾಗೋ ಅಂಚು ಹುಡುಕಿ ಅಲ್ಲಿ ಚೌಕಟ್ಟು ಹಾಕಿ.

ಬಾಗಲಕೋಟೆ: ನದಿ ಹರೀಲಿಲ್ಲೇನ್ರೀ ಮತ್ತ? ಅದು ಚಲನೆ ಅಲ್ಲೇನು? ನಮ್ಮೂರ ಕಲ್ಲಂದ್ರ ನಿಮಗ ಸಸಾರ.

ಹ್ಯೂಸ್ಟನ್: ಸಸಾರ ಮಾಡಿಲ್ಲ. ನಾನೂ ಗುಳೇದಗುಡ್ಡದವನೇ.

ಟೆಂಪಿ: ಡಲ್ಲಾಸ್‌ನವರೇ, ಟ್ರೈಪಾಡ್ ಒಯ್ಯಿರಿ. ಕಾಲ ಬುಡವೂ ದೂರದ ಗೋಡೆಯೂ ಚೂಪಾಗಿ ಬರಲಿ ಅಂತ ನಾನು ಲೆನ್ಸಿನ ಕಿಂಡಿ ಕಿರಿದು ಮಾಡಿ, ಎಫ್ 11ರಲ್ಲಿ, ಫೋಕಸ್ ಬದಲಿಸಿ ಏಳು ಫ್ರೇಮು ಜೋಡಿಸಿದೆ, ಕೈಯಲ್ಲಿ ಆಗ್ತಿರಲಿಲ್ಲ. ಆದರೆ ಟ್ರೈಪಾಡ್ ಕಾಲಿನ ಮೊಳೆ ಬಿಚ್ಚಿ ರಬ್ಬರ್ ಹಾಕಿ. ಆ ಗೆರೆಗಳ ಅಂಚು ಹಪ್ಪಳದಷ್ಟು ತೆಳು. ನನ್ನ ಕಣ್ಣೆದುರೇ ಒಬ್ಬರ ಬೂಟಿಗೆ ಸಿಕ್ಕಿ ಗೇಣುದ್ದ ಪುಡಿಯಾಯ್ತು, ಅವರಿಗೆ ಗೊತ್ತೇ ಆಗಲಿಲ್ಲ.

ಸನ್ನಿವೇಲ್: ಅದು ನಿಜ. ನಾವು ಶೂ ಬಿಚ್ಚಿ ಕಾಲುಚೀಲದಲ್ಲಿ ಓಡಾಡಿದೆವು.